ನಮ್ಮ ‘ಹೋಗು’ ಹಿಡಿದು ‘ಗೋ’ ಕಲಿಯಿರಿ

ಹಾಸನದಲ್ಲಿ ನಮ್ಮ ಮನೆಯ ಹಾಲ್‌ನಲ್ಲೇ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಕನ್ನಡ ಮೀಡಿಯಂನಲ್ಲಿ ಓದಿ ಡಿಗ್ರಿ ಮುಗಿಸಿದ ಮಕ್ಕಳೇ ಜಾಸ್ತಿ. ಹೋದ ವರ್ಷ ಒಬ್ಬ ಹುಡುಗಿ ಇಂಟರ್‌ವ್ಯೂನಿಂದ ನೇರ ನಮ್ಮನೆಗೆ ಬಂದು ಅತ್ತುಬಿಟ್ಟಳು. ‘ಹ್ಯಾವ್ ಯು ಬೀನ್ ಟು ಬೆಂಗಳೂರು?’ ಅಂತ ಕೇಳಿದರಂತೆ. ಇವಳು ‘ಯೆಸ್, ಐ ಹ್ಯಾವ್ ಗಾನ್ ಟು ಬೆಂಗಳೂರು’ ಅಂದಳಂತೆ. ಎದುರಿಗಿದ್ದವರು ನಕ್ಕರಂತೆ.

ನಗುವಂಥದ್ದೇನೂ ಅಲ್ಲ ಅದು. ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ ಅಷ್ಟೆ. ‘ಅಪ್ಪ ಬೆಂಗಳೂರಿಗೆ ಹೋಗಿದ್ದಾರೆ’ ಅಂದರೆ ಅಪ್ಪ ಈಗ ಮನೆಯಲ್ಲಿಲ್ಲ. ಅದು ‘ಹ್ಯಾಸ್ ಗಾನ್’. ‘ಬೆಂಗಳೂರಿಗೆ ಹೋಗಿ ಬಂದಿದ್ದಾರೆ’ ಅಂದರೆ ವಾಪಸ್ ಬಂದಾಗಿದೆ. ಅದು ‘ಹ್ಯಾಸ್ ಬೀನ್’. ಎದುರಿಗೇ ಕೂತುಕೊಂಡು ‘ಐ ಹ್ಯಾವ್ ಗಾನ್’ ಅಂದರೆ ನಾನಿಲ್ಲಿ ಇಲ್ಲ ಅಂದಹಾಗೆ ಆಗುತ್ತೆ, ಅಲ್ವಾ? ಬಾಯಿ ತೆರೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಂದಾಯ್ತಾ, ಇನ್ನೂ ಇಲ್ವಾ?

‘ಐ ಡಿಡ್ ನಾಟ್ ವೆಂಟ್’ ಅನ್ನುವವರಿಗೆ ನಾನು ಗ್ರಾಮರ್ ಪುಸ್ತಕ ತೆಗೆಯುವುದಿಲ್ಲ. ‘ಹೋದಲಿಲ್ಲ’ ಅಂತೀರಾ ಅಂತ ಕೇಳುತ್ತೇನೆ. ಯಾರೂ ಅನ್ನಲ್ಲ, ‘ಹೋಗಲಿಲ್ಲ’ ಅಂತೀವಿ. ಮುಗಿದ ಕಾಲವನ್ನು ‘ಲಿಲ್ಲ’ ಹೊತ್ತುಕೊಂಡಿದೆ, ‘ಹೋಗು’ ತನ್ನಷ್ಟಕ್ಕೆ ಇದೆ. ಅಲ್ಲಿ ‘ಡಿಡ್’ ಹೊತ್ತುಕೊಂಡಿದೆ, ‘ಗೋ’ ತನ್ನಷ್ಟಕ್ಕೆ ಇರಲಿ. ಅಂದಹಾಗೆ ‘ವೆಂಟ್’ ಮೊದಲು ‘ಗೋ’ ಮನೆತನದ್ದೇ ಅಲ್ಲ. ‘ವೆಂಡ್’ ಅನ್ನುವ ಬೇರೆ ಕ್ರಿಯಾಪದದ್ದು, ‘ಸೆಂಡ್–ಸೆಂಟ್’ ಇದ್ದಹಾಗೆ. ಸುಮಾರು 1500ರ ಹೊತ್ತಿಗೆ ‘ಗೋ’ ಜೊತೆ ಸೇರಿಕೊಂಡಿತು. ಅದಕ್ಕೇ ಎರಡಕ್ಕೂ ಹೋಲಿಕೆ ಇಲ್ಲ.

‘ಗೋ ಟು ಹೋಮ್’ ಬೇಡ, ಸುಮ್ನೆ ‘ಗೋ ಹೋಮ್’. ‘ಆಚೆ ಹೋಗು’, ‘ಮೇಲೆ ಹೋಗು’ ಅನ್ನುವಾಗ ನಾವು ‘ಗೆ’ ಸೇರಿಸಲ್ಲವಲ್ಲ, ಆ ಗುಂಪಿಗೆ ‘ಹೋಮ್’ ಅನ್ನೂ ಸೇರಿಸಿಕೊಳ್ಳಿ. ‘ಗೋ ದೇರ್’, ‘ಗೋ ಅಪ್‌ಸ್ಟೇರ್ಸ್’, ‘ಗೋ ಶಾಪಿಂಗ್’ಗೂ ‘ಟು’ ಬೇಡ.

ನನಗೆ ತುಂಬಾ ಇಷ್ಟವಾದ ಪಾಠ ಹಾಲಿನದು. ಬೇಸಿಗೆಯಲ್ಲಿ ಒಂದು ಸಂಜೆ ಟೀಗೆ ಹಾಲು ಕಾಯಿಸಿದೆ, ಒಡೆದುಹೋಯ್ತು. ಪಾತ್ರೆಯನ್ನೇ ತಂದು ಮಕ್ಕಳ ಮುಂದಿಟ್ಟು ಇಂಗ್ಲಿಷಲ್ಲಿ ಹೇಳಿ ಅಂದೆ. ‘ಮಿಲ್ಕ್ ಈಸ್ ಸ್ಪಾಯಿಲ್’ ಅಂದರು. ಕನ್ನಡದಲ್ಲಿ ಹೇಳಿ ಅಂದೆ. ‘ಹಾಲು ಕೆಟ್ಟುಹೋಗಿದೆ.’ ನೋಡಿ, ಹಾಲು ಎಲ್ಲಿಗೂ ನಡೆದು ಹೋಗಿಲ್ಲ, ಆದರೂ ‘ಹೋಗಿದೆ’ ಅಂದಿರಿ! ಇಂಗ್ಲಿಷಿನವರೂ ‘ದ ಮಿಲ್ಕ್ ಹ್ಯಾಸ್ ಗಾನ್ ಬ್ಯಾಡ್’ ಅಂತಾರೆ. ತಲೆ ಬೋಳಾದರೆ ‘ಗೋ ಬಾಲ್ಡ್’, ಕಣ್ಣು ಹೋದರೆ ‘ಗೋ ಬ್ಲೈಂಡ್’. ಒಂದು ಸ್ಥಿತಿ ಕೆಡುವಾಗ ಎರಡೂ ಭಾಷೆ ಇದೇ ಮಾತನ್ನು ಹಿಡಿಯುತ್ತವೆ. ಕನಸು ನಿಜವಾದರೆ ಮಾತ್ರ ಅವರು ‘ಕಮ್’ ಕಡೆಗೆ ತಿರುಗುತ್ತಾರೆ: ‘ಕಮ್ ಟ್ರೂ’. ಆವತ್ತಿನ ಬ್ಯಾಚ್ ಇದನ್ನು ಇನ್ನೂ ಮರೆತಿಲ್ಲ.

ಕನ್ನಡ ಕೈಕೊಡುವುದು ‘ಗೋ ಆಫ್’ ಹತ್ತಿರ. ‘ದ ಲೈಟ್ಸ್ ವೆಂಟ್ ಆಫ್’ ಅಂದರೆ ಲೈಟ್ ಆರಿತು. ‘ದ ಅಲಾರ್ಮ್ ವೆಂಟ್ ಆಫ್’ ಅಂದರೆ ಅಲಾರಂ ಹೊಡೆದುಕೊಂಡಿತು. ಒಂದೇ ಮಾತು, ಪೂರ್ತಿ ಉಲ್ಟಾ. ಇದನ್ನು ಬಾಯಿಪಾಠ ಮಾಡಲೇಬೇಕು.

ಇನ್ನು ಹೊರಡುವಾಗ. ನಮ್ಮಲ್ಲಿ ಹೊಸಿಲು ದಾಟುವಾಗ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು. ಅದನ್ನೇ ‘ಐ ವಿಲ್ ಗೋ ಅಂಡ್ ಕಮ್’ ಮಾಡಿದರೆ, ಹೊರಗಿನವರು ಹತ್ತು ನಿಮಿಷದಲ್ಲಿ ವಾಪಸ್ ಬರ್ತಾರೆ ಅಂತ ಕಾಯುತ್ತಾ ಕೂರಬಹುದು. ಆಫೀಸಲ್ಲಿ ‘ಸೀ ಯು ಟುಮಾರೋ’ ಅನ್ನಿ. ನನ್ನ ಮನೆ ಬಾಗಿಲಲ್ಲಿ ಮಾತ್ರ ಆ ಹುಡುಗಿ ಇವತ್ತಿಗೂ ಚಪ್ಪಲಿ ಮೆಟ್ಟುತ್ತಾ ‘ಹೋಗಿ ಬರ್ತೀನಿ ಮೇಡಂ’ ಅಂತಾಳೆ. ನಾನು ‘ಹೂಂ, ಹೋಗಿ ಬಾಮ್ಮಾ’ ಅನ್ನುತ್ತೇನೆ.