ಮುಂದಿನ ಗಾಜು ಬಿರುಕು ಬಿಟ್ಟಾಗ: ಕ್ಲೇಮ್‌ಗೆ ಮೊದಲು ಹಾಕಬೇಕಾದ ಲೆಕ್ಕ, ಗಾಜು ಕೂರಿಸುವಾಗ ನೋಡಬೇಕಾದ ಕೆಲಸ

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಡಂಪರ್ ಹಿಂದೆ ಬಿದ್ದರೆ ಎಂದಾದರೂ ಒಂದು ದಿನ ಗಾಜಿಗೆ "ಟಕ್" ಎನ್ನುವುದು ಖಂಡಿತ. ಆ ಸದ್ದು ಆದ ಮೇಲೆ ಗಾಜು ಉದ್ದಕ್ಕೂ ಸೀಳಲು ಎರಡು ತಿಂಗಳು ಹಿಡಿಯಬಹುದು, ಎರಡು ಗಂಟೆಯೂ ಸಾಕು. ಅದು ಬಹುಪಾಲು ನಿಮ್ಮ ಕೈಯಲ್ಲೇ ಇದೆ.

ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ತೆಳು ಗಾಜುಗಳ ನಡುವೆ ಸುಮಾರು 0.76 ಮಿಲಿಮೀಟರ್ ದಪ್ಪದ ಪಿವಿಬಿ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಕಲ್ಲು ಬಡಿದಾಗ ಸಾಮಾನ್ಯವಾಗಿ ಹೊರಗಿನ ಪದರ ಮಾತ್ರ ಒಡೆಯುತ್ತದೆ. ಬಾಗಿಲ ಗಾಜಿನ ಹಾಗೆ ಪುಡಿಪುಡಿಯಾಗಿ ಉದುರುವುದಿಲ್ಲ. ಅದರ ಬದಲು ಬಿರುಕು ನಿಧಾನವಾಗಿ ನಡೆಯುತ್ತದೆ. ಅದನ್ನು ನಡೆಸುವುದು ಬಿಸಿ–ತಂಪಿನ ಜಗಳ. ಏಪ್ರಿಲ್‌ನ ಪುಣೆ ಬಿಸಿಲಿನಲ್ಲಿ ಹಿಂಜೇವಾಡಿಯ ಪಾರ್ಕಿಂಗಿನಲ್ಲಿ ದಿನವಿಡೀ ಕಾದ ಗಾಡಿಗೆ ಸಂಜೆ ಹತ್ತಿದ ಕೂಡಲೇ ಎಸಿಯ ತಂಪು ಗಾಳಿಯನ್ನು ನೇರ ಗಾಜಿಗೆ ಬಿಟ್ಟರೆ, ಕಡಲೆ ಗಾತ್ರದ ಗುರುತು ಮನೆ ಸೇರುವಷ್ಟರಲ್ಲಿ ಗೇಣುದ್ದ ಆಗಿರುತ್ತದೆ. ಹಾಗಾಗಿ ನಾನು ಮೊದಲು ಮಾಡುವುದು ಇಷ್ಟೇ: ಒಣ ಬಟ್ಟೆಯಿಂದ ಒರೆಸಿ, ಪೆಟ್ಟಿನ ಮೇಲೆ ಪಾರದರ್ಶಕ ಟೇಪು ಹಚ್ಚುವುದು. ನೀರು, ಶಾಂಪೂ, ಫೆವಿಕ್ವಿಕ್ ಯಾವುದೂ ಬೇಡ. ಒಳಗೆ ಧೂಳು, ತೇವ ಸೇರಿದರೆ ಆಮೇಲೆ ರೆಸಿನ್ (ಬಿರುಕು ತುಂಬುವ ಪಾರದರ್ಶಕ ಅಂಟು) ಹಿಡಿಯುವುದಿಲ್ಲ. ಎಸಿ ಗಾಳಿ ಮುಖದ ಕಡೆ ತಿರುಗಿರಲಿ, ಗಾಡಿ ನೆರಳಲ್ಲಿ ನಿಲ್ಲಲಿ.

ಬಾಲ್‌ಪೆನ್ನಿನ ತುದಿಯನ್ನು ಬಿರುಕಿನ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ಎಲ್ಲೋ ಒಂದು ಕಡೆ ಚಿಕ್ಕ ಗುಳಿಯಲ್ಲಿ ಸಿಕ್ಕಿಕೊಂಡರೆ ಅದು ಕಲ್ಲಿನ ಪೆಟ್ಟು. ಗುಳಿಯೇ ಇಲ್ಲದೆ ಅಂಚಿನಿಂದ ಬಿರುಕು ಹೊರಟಿದ್ದರೆ ಅದು ಒತ್ತಡದ ಬಿರುಕು: ಹಿಂದೆ ಗಾಜು ಸರಿಯಾಗಿ ಕೂರಿಸಿರಲಿಲ್ಲ, ಅಥವಾ ಅಂಚಿನ ಕೆಳಗೆ ತುಕ್ಕು ಉಬ್ಬಿದೆ. ಈ ಪರೀಕ್ಷೆಯನ್ನು ಇನ್ಶೂರೆನ್ಸ್ ಕಂಪನಿಯ ಪರವಾಗಿ ನಷ್ಟ ನೋಡುವ ಸರ್ವೇಯರ್ ಕೂಡ ಮಾಡುತ್ತಾರೆ. ಪಾಲಿಸಿ ಕೊಡುವುದು ಅಪಘಾತಕ್ಕೆ, ಸವಕಳಿಗಲ್ಲ. ಗುಳಿ ಇಲ್ಲದ ಬಿರುಕಿಗೆ "ಕಲ್ಲು ಬಿತ್ತು" ಎಂದು ಬರೆದರೆ ಮಾತು ಅಲ್ಲೇ ಸಿಕ್ಕಿಬೀಳುತ್ತದೆ.

ಪೆಟ್ಟು ಒಂದು ರೂಪಾಯಿ ನಾಣ್ಯದೊಳಗೆ ಇದ್ದು, ಹೊರ ಪದರದಲ್ಲಷ್ಟೇ ಇದ್ದು, ಚಾಲಕನ ಕಣ್ಣಿನ ನೇರಕ್ಕೆ ಇಲ್ಲದೆ, ಅಂಚಿನಿಂದ ನಾಲ್ಕು ಬೆರಳು ಒಳಗಿದ್ದರೆ ನಾನು ರೆಸಿನ್ ತುಂಬಿಸಿ ಎನ್ನುತ್ತೇನೆ. ಸಕ್ಷನ್ ಕಪ್ಪಿನಿಂದ ಒಳಗಿನ ಗಾಳಿ ಎಳೆದು, ರೆಸಿನ್ ಒತ್ತಿ, ಯುವಿ ದೀಪದಲ್ಲಿ ಗಟ್ಟಿ ಮಾಡುವ ಕೆಲಸ. ಅರ್ಧ ಗಂಟೆ ಸಾಕು. ಗುರುತು ಪೂರ್ತಿ ಮಾಯವಾಗುವುದಿಲ್ಲ, ಬಿರುಕು ನಿಲ್ಲುತ್ತದೆ. "ಕಾಣಿಸಲೇಬಾರದು" ಎನ್ನುವವರು ರೆಸಿನ್‌ಗೆ ಹೋಗದಿರುವುದೇ ಒಳ್ಳೆಯದು. ಬಿರುಕು ಅಂಚು ಮುಟ್ಟಿದ್ದರೆ ಗಾಜು ಬದಲಾಯಿಸುವುದೇ ಸರಿ.

ಇನ್ನು ಇನ್ಶೂರೆನ್ಸ್. ಬರೀ ಥರ್ಡ್ ಪಾರ್ಟಿ (ಇತರರಿಗೆ ಆದ ಹಾನಿಗಷ್ಟೇ ಕೊಡುವ ಪಾಲಿಸಿ) ಇದ್ದರೆ ಗಾಜಿಗೆ ಒಂದು ಪೈಸೆಯೂ ಬರುವುದಿಲ್ಲ. ಓನ್ ಡ್ಯಾಮೇಜ್, ಅಂದರೆ ನಿಮ್ಮದೇ ಗಾಡಿಯ ನಷ್ಟಕ್ಕೆ ಕೊಡುವ ಭಾಗ, ಇರಬೇಕು. ಇಲ್ಲೊಂದು ಹಳ್ಳ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದು. ಕಾಗದದಲ್ಲಿ "3 ವರ್ಷ" ನೋಡಿ ಸುಮ್ಮನೆ ಕೂತವರಿಗೆ ಎರಡನೇ ವರ್ಷ ಗಾಜು ಒಡೆದಾಗಲೇ ಗೊತ್ತಾಗುವುದು. ಆಮೇಲೆ ಪಾಲಿಸಿ ಮಾಡಿಸಲು ಹೋದರೆ ಗಾಡಿಯ ಫೋಟೋ ತೆಗೆಯುತ್ತಾರೆ, ಹಳೆಯ ಬಿರುಕು ಅದರಲ್ಲಿ ದಾಖಲಾಗುತ್ತದೆ, ಅದಕ್ಕೆ ದುಡ್ಡಿಲ್ಲ.

ಓನ್ ಡ್ಯಾಮೇಜ್ ಇದ್ದವರಿಗೆ ಒಂದು ಒಳ್ಳೆಯ ಸುದ್ದಿ. ಗಾಜಿಗೆ ಸವಕಳಿ ಕಡಿತ (ಭಾಗ ಹಳೆಯದಾಯಿತೆಂದು ಕಳೆಯುವ ಹಣ) ಇಲ್ಲ, ಜೀರೋ ಡೆಪ್ (ಸವಕಳಿ ಕಳೆಯದಿರುವ ಹೆಚ್ಚುವರಿ ರಕ್ಷಣೆ) ಇಲ್ಲದ ಸಾದಾ ಪಾಲಿಸಿಯಲ್ಲೂ ಇಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ ಶೇ 50 ಕಡಿತ. ಅಂದರೆ ಬೀಡಿಂಗ್ (ಗಾಜಿನ ಅಂಚಿನ ಪಟ್ಟಿ), ಕ್ಲಿಪ್‌ಗಳ ಅರ್ಧ ಹಣ ನಿಮ್ಮದು. ಅಂಟಿನ ಕಿಟ್ಟನ್ನು ಕನ್ಸ್ಯೂಮೆಬಲ್ (ಬಳಸಿ ಮುಗಿಯುವ ಸಾಮಾನು) ಎಂದು ತಳ್ಳುವುದುಂಟು, ಅದಕ್ಕೆಂದು ಹೆಚ್ಚುವರಿಯಾಗಿ ಕೊಳ್ಳುವ ಆಡ್‌ಆನ್ ಇದ್ದರೆ ಸಿಗುತ್ತದೆ. ಗ್ಯಾರೇಜಿನವರು "ಫೈಲ್ ಚಾರ್ಜ್" ಎನ್ನುತ್ತಾರಲ್ಲ, ಅದು ಗ್ಯಾರೇಜಿನ ಚಾರ್ಜ್ ಅಲ್ಲ, ಕಡ್ಡಾಯ ಡಿಡಕ್ಟಿಬಲ್, ಪ್ರತಿ ಕ್ಲೇಮ್‌ನಲ್ಲೂ ನೀವೇ ಭರಿಸಬೇಕಾದ ಮೊತ್ತ: 1500 ಸಿಸಿವರೆಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,000. ಪ್ರೀಮಿಯಂ ಇಳಿಸಲೆಂದು ವಾಲಂಟರಿ ಡಿಡಕ್ಟಿಬಲ್ ಆರಿಸಿಕೊಂಡಿದ್ದರೆ (2,500ರಿಂದ ಶುರು) ಅದೂ ಸೇರುತ್ತದೆ. ಆಗ ಸಣ್ಣ ಕಾರಿನ ಗಾಜಿಗೆ ಕ್ಲೇಮ್ ಮಾಡುವುದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಸಣ್ಣ ಹ್ಯಾಚ್‌ಬ್ಯಾಕಿನ ಬಿಲ್ಲನ್ನು ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ಗಾಜು 6,500, ಬೀಡಿಂಗ್ ಮತ್ತು ಕ್ಲಿಪ್ 900, ಅಂಟಿನ ಕಿಟ್ 900, ಕೂಲಿ 1,200. ಒಟ್ಟು 9,500. ಕಂಪನಿ ಒಪ್ಪುವುದು 6,500 + 450 + 1,200 = 8,150; ಅದರಲ್ಲಿ 1,000 ಕಳೆದರೆ 7,150. ಜೇಬಿನಿಂದ 2,350. ಇಲ್ಲಿಗೆ ಎಲ್ಲರೂ ಲೆಕ್ಕ ಮುಗಿಸುತ್ತಾರೆ. ಅಸಲಿ ಲೆಕ್ಕ ಇನ್ನು ಮುಂದೆ.

ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಶೇ 20, 25, 35, 45, 50 ಎಂದು ಮೆಟ್ಟಿಲು ಹತ್ತುತ್ತದೆ. ಒಂದು ಕ್ಲೇಮ್ ಆದರೆ ಸೊನ್ನೆಗೆ ಇಳಿದು ಮತ್ತೆ ಮೊದಲಿಂದ ಹತ್ತಬೇಕು. ಈಗ ಶೇ 50ರಲ್ಲಿ ಇರುವವರಿಗೆ ಮುಂದಿನ ಐದು ರಿನ್ಯೂವಲ್‌ನಲ್ಲಿ ಕೈತಪ್ಪುವ ರಿಯಾಯಿತಿ 50 + 30 + 25 + 15 + 5, ಒಟ್ಟು ಓನ್ ಡ್ಯಾಮೇಜ್ ಪ್ರೀಮಿಯಂನ ಶೇ 125. ಆ ಪ್ರೀಮಿಯಂ ವರ್ಷಕ್ಕೆ 8,000 ಇದ್ದರೆ 10,000 ರೂಪಾಯಿ ಹೋಯಿತು, ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. 7,150 ಪಡೆಯಲು 10,000 ಕೊಟ್ಟ ಹಾಗಾಯಿತು. ಈಗ ಶೇ 20ರಲ್ಲಿ ಇರುವವರಿಗೆ ಇದೇ ಲೆಕ್ಕ ಶೇ 80ಕ್ಕೆ ಬರುತ್ತದೆ, 6,400, ಹೆಚ್ಚುಕಡಿಮೆ ಸಮ. ಕಾರು ಹೊಸದು, ಬೋನಸ್ ಇನ್ನೂ ಶುರುವಾಗಿಲ್ಲ ಎಂದರೆ ಸುಮಾರು ಶೇ 50, ಅಂದರೆ 4,000. ಆಗ ಕ್ಲೇಮ್ ಮಾಡಿ. ವರ್ಷ ಕಳೆದಂತೆ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಇಳಿದು ಪ್ರೀಮಿಯಂ ಸ್ವಲ್ಪ ಕಡಿಮೆಯಾಗುತ್ತದೆ, ಆದ್ದರಿಂದ ನಿಜವಾದ ನಷ್ಟ ಇದಕ್ಕಿಂತ ತುಸು ಕೆಳಗಿರಬಹುದು. ನಡುವೆ ಬೇರೆ ಕ್ಲೇಮ್ ಬಂದರೆ ಬೋನಸ್ ಹೇಗೂ ಹೋಗುತ್ತಿತ್ತು ಅನ್ನಿ.

ಎರಡು ವಿಷಯ ಈ ಲೆಕ್ಕವನ್ನು ಬುಡಮೇಲು ಮಾಡುತ್ತವೆ. ಕೆಲವು ಪಾಲಿಸಿಗಳಲ್ಲಿ ಎನ್‌ಸಿಬಿ ಪ್ರೊಟೆಕ್ಟ್ ಆಡ್‌ಆನ್ ಇರುತ್ತದೆ, ಅದು ವರ್ಷಕ್ಕೆ ಎಷ್ಟು ಕ್ಲೇಮ್ ಬಿಡುತ್ತದೆ ಎಂದು ಕಾಗದದಲ್ಲೇ ಓದಿ; ಏಜೆಂಟರ ಬಾಯಿಮಾತು ಬೇಡ. ಇನ್ನೊಂದು, ಈ ಬೋನಸ್ ಕಾರಿನದಲ್ಲ, ಮಾಲೀಕರದು. ಈ ವರ್ಷ ಹಳೆಯದನ್ನು ಮಾರಿ ಹೊಸ ಕಾರು ತಗೊಳ್ಳುವ ಯೋಚನೆ ಇದ್ದರೆ ಶೇ 50 ಬೋನಸ್ ಅದಕ್ಕೂ ಬರುತ್ತದೆ. ಹೊಸ ಕಾರಿನ ಓನ್ ಡ್ಯಾಮೇಜ್ 25,000 ಇದ್ದರೆ ಮೊದಲ ವರ್ಷವೇ 12,500 ಉಳಿತಾಯ. ಅಂಥವರು ಸಣ್ಣ ಕಾರಿನ ಗಾಜಿಗೆ ಕ್ಲೇಮ್ ಮಾಡಲೇಬಾರದು. ಆದರೆ ಕ್ಯಾಮೆರಾ, ರೇನ್ ಸೆನ್ಸರ್ ಇರುವ ದೊಡ್ಡ ಗಾಡಿಯ ಗಾಜಿನ ಬಿಲ್ಲು ಎಷ್ಟೋ ಪಟ್ಟು ಏರುತ್ತದೆ. ಅಲ್ಲಿ ಕ್ಲೇಮ್ ಮಾಡದಿದ್ದರೆ ಪಾಲಿಸಿ ಇಟ್ಟುಕೊಂಡು ಏನು ಪ್ರಯೋಜನ?

"ಅಣ್ಣಾರ, ಗಾಡಿ ಕೆಎ 28, ಪುಣೆದಾಗ ಕ್ಲೇಮ್ ಆಗ್ತದೇನ್ರಿ?" ವಿಜಯಪುರದ ಕಡೆಯವರು ಕೇಳಿಯೇ ಕೇಳುವ ಪ್ರಶ್ನೆ ಇದು. ಆಗುತ್ತದೆ. ಪ್ರೀಮಿಯಂ ನಿಗದಿಗೆ ಪುಣೆ, ಬೆಂಗಳೂರು ಎ ವಲಯ, ವಿಜಯಪುರ ಬಿ ವಲಯ, ಅಷ್ಟೇ. ನಷ್ಟ ದೇಶದ ಯಾವ ಮೂಲೆಯಲ್ಲಾದರೂ ಪಾಲಿಸಿ ನಡೆಯುತ್ತದೆ.

ಕ್ಲೇಮ್ ಮಾಡುವುದೆಂದು ನಿಶ್ಚಯಿಸಿದರೆ ಗಾಜು ಮುಟ್ಟುವ ಮೊದಲೇ ತಿಳಿಸಬೇಕು. ಬಿಚ್ಚಿದ ಗಾಜಿಗೆ ದುಡ್ಡು ಕೇಳುವುದು ಬಲು ಕಷ್ಟ. ನಾನು ತೆಗೆಸುವ ಫೋಟೋಗಳು ನಾಲ್ಕು: ನಂಬರ್ ಪ್ಲೇಟ್ ಸಮೇತ ಇಡೀ ಮುಂಭಾಗ, ಪೆಟ್ಟಿನ ಗುಳಿ ಹತ್ತಿರದಿಂದ, ಒಳಗಿನಿಂದ ಬಿರುಕು, ಓಡೋಮೀಟರ್. ಆರ್‌ಸಿ, ಓಡಿಸುತ್ತಿದ್ದವರ ಲೈಸೆನ್ಸ್, ಪಾಲಿಸಿ, ಕ್ಲೇಮ್ ಫಾರ್ಮ್ ಸಾಕು. ಕಲ್ಲಿನ ಪೆಟ್ಟಿಗೆ ಪೊಲೀಸ್ ಕಾಗದ ಸಾಮಾನ್ಯವಾಗಿ ಕೇಳುವುದಿಲ್ಲ. ಸಣ್ಣ ನಷ್ಟವನ್ನು ಈಗ ಮೊಬೈಲ್ ವಿಡಿಯೋದಲ್ಲೇ ನೋಡಿ ಮುಗಿಸುವುದೇ ಹೆಚ್ಚು. ಕಾರಣ ಬರೆಯುವಲ್ಲಿ ನಡೆದಷ್ಟನ್ನೇ ಬರೆಯಿರಿ: ತಾರೀಕು, ಜಾಗ, ಮುಂದಿನ ಲಾರಿಯಿಂದ ಕಲ್ಲು ಹಾರಿತು. "ಹೆಂಗೂ ಕ್ಲೇಮ್ ಹಾಕ್ತೀವಿ, ಬಂಪರೂ ಅದರಾಗ ಸೇರಿಸ್ರಿ" ಎನ್ನುವವರಿದ್ದಾರೆ. ಬಂಪರಿನ ಗೀಚು ಬೇರೆ ಘಟನೆ, ಬೇರೆ ಕ್ಲೇಮ್, ಬೇರೆ 1,000 ರೂಪಾಯಿ. ಒಟ್ಟಿಗೆ ಸೇರಿಸಿದರೆ ಗಾಜಿನ ಫೈಲೂ ನಿಂತುಬಿಡುತ್ತದೆ. ಕಾರಣ ಕೊಡದೆ ಫೈಲು ತಿರಸ್ಕರಿಸಿದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು. ಅಲ್ಲೂ ಬಗೆಹರಿಯದಿದ್ದರೆ ಇಂಥ ದೂರು ಕೇಳುವ ವಿಮಾ ಓಂಬುಡ್ಸ್‌ಮನ್ ಕಚೇರಿ ಪುಣೆಯಲ್ಲೇ ಇದೆ.

ಗಾಜು ಆರಿಸುವಾಗ ಮಾಡೆಲ್ ಹೆಸರು ಸಾಲದು, ಚಾಸಿ ನಂಬರ್ ಕೊಟ್ಟು ತರಿಸಿ. ಒಂದೇ ಕಾರಿನಲ್ಲಿ ಸೆನ್ಸರ್ ಇರುವುದು, ಇಲ್ಲದ್ದು, ಕ್ಯಾಮೆರಾ ಬ್ರ್ಯಾಕೆಟ್ ಇರುವುದು ಎಂದು ಮೂರ್ನಾಲ್ಕು ಬಗೆ ಇರುತ್ತವೆ. ಮೂಲೆಯಲ್ಲಿ ಕೊರೆದ ಗುರುತು ಓದಿ: ಐಎಸ್‌ಐ ಮುದ್ರೆ, ಐಎಸ್ 2553, ಲ್ಯಾಮಿನೇಟೆಡ್ ಎಂಬ ಮಾತು, ತಯಾರಕರ ಹೆಸರು. ಕಾರು ಕಂಪನಿಯ ಲೋಗೋ ಇಲ್ಲದಿದ್ದರೂ ಅದೇ ತಯಾರಕರ ಗಾಜಾದರೆ ನನಗೆ ಅಡ್ಡಿಯಿಲ್ಲ. ಪುಣೆಯ ನಾನಾ ಪೇಠ್‌ನ ಅಂಗಡಿಗಳಲ್ಲಿ ಬೆಲೆ ವಿಚಾರಿಸಿಕೊಂಡು ಬನ್ನಿ, ಶೋರೂಮ್ ಅಂದಾಜಿನ ಪಕ್ಕ ಇಟ್ಟು ನೋಡಬಹುದು.

ಗಾಜಿಗಿಂತ ಹೆಚ್ಚು ಕೈಕೊಡುವುದು ಅಂಟು. ಹಳೆಯ ಪದ್ಮಿನಿ ಟ್ಯಾಕ್ಸಿಯಲ್ಲಿ ರಬ್ಬರ್ ಅಂಚಿಗೆ ಹಗ್ಗ ಸುತ್ತಿ ಎಳೆದು ಗಾಜು ಕೂರಿಸುತ್ತಿದ್ದರು. ಈಗಿನ ಗಾಜು ಪಾಲಿಯುರೆಥೇನ್ ಅಂಟಿನಲ್ಲಿ ಬಾಡಿಗೆ ಬೆಸೆದಿರುತ್ತದೆ. ಛಾವಣಿಯ ಬಲದಲ್ಲಿ ಅದಕ್ಕೆ ಪಾಲಿದೆ, ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಬಹಳಷ್ಟು ಕಾರುಗಳಲ್ಲಿ ಗಾಜಿಗೇ ಒರಗುತ್ತದೆ. ಸಿಲಿಕಾನ್ ಬಳಿದು ಕೂರಿಸಿದ ಗಾಜು ಆ ಹೊತ್ತಿಗೆ ಹೊರಗೆ ಹಾರುತ್ತದೆ. ಅಷ್ಟೇ ಅಲ್ಲ, ಒಮ್ಮೆ ಸಿಲಿಕಾನ್ ಹತ್ತಿದ ಜಾಗಕ್ಕೆ ಆಮೇಲೆ ಪಾಲಿಯುರೆಥೇನೂ ಹಿಡಿಯದು. ಟ್ಯೂಬಿನ ಮೇಲಿನ ಹೆಸರು, ಎಕ್ಸ್‌ಪೈರಿ ತಾರೀಕು ನೋಡಿಯೇ ಕೆಲಸ ಶುರು ಮಾಡಿಸಿ.

ಹಳೆಯ ಗಾಜು ತಂತಿಯಿಂದ ಕೊಯ್ದು ತೆಗೆದ ಮೇಲೆ ಹಳೆಯ ಅಂಟನ್ನು ಪೂರ್ತಿ ಕೆರೆಯಬಾರದು. ಒಂದೆರಡು ಮಿಲಿಮೀಟರ್ ಸಮವಾಗಿ ಬಿಡಬೇಕು, ಹೊಸ ಅಂಟು ಹಳೆಯದನ್ನೇ ಚೆನ್ನಾಗಿ ಕಚ್ಚುತ್ತದೆ. ಚಾಕು ತಾಗಿ ಪೇಂಟು ಹೋದ ಕಡೆ ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು. ಪ್ರೈಮರ್ ಹಚ್ಚದೆ ಬಿಟ್ಟರೆ ಎರಡು ಮಳೆಗಾಲದಲ್ಲಿ ತುಕ್ಕು, ಅಲ್ಲಿಂದ ನೀರು, ಅಲ್ಲಿಂದಲೇ ಮುಂದಿನ ಬಿರುಕು. ಹೊಸ ಗಾಜಿನ ಕಪ್ಪು ಅಂಚನ್ನು ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಸಾಕು ಅಂಟು ಬಿಡಲು. ನಳಿಗೆಯ ತುದಿಯನ್ನು ವಿ ಆಕಾರಕ್ಕೆ ಕತ್ತರಿಸಿ, ತ್ರಿಕೋನದ ಅಂಟನ್ನು ಎಲ್ಲೂ ತುಂಡಾಗದೆ ಒಂದೇ ಸುತ್ತು ಎಳೆಯಬೇಕು. ಎಳೆದ ಕೆಲವೇ ನಿಮಿಷಗಳಲ್ಲಿ ಇಬ್ಬರು ಹಿಡಿದು ಗಾಜು ಕೂರಿಸಬೇಕು. ಒಬ್ಬರೇ ಕೂರಿಸಿ ಆಮೇಲೆ ಜಾರಿಸಿ ಸರಿ ಮಾಡಿದರೆ ಅಂಟು ಒಂದು ಕಡೆ ತೆಳುವಾಗುತ್ತದೆ.

ಈ ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದು. ಜುಲೈನಲ್ಲಿ ಬೇಗ, ಮಾರ್ಚ್‌ನ ಒಣ ಹವೆಯಲ್ಲಿ ನಿಧಾನ. ಆದರೆ ಕೂರಿಸುವ ಜಾಗ ಮಾತ್ರ ಒಣಗಿರಲೇಬೇಕು, ಮಳೆಯಲ್ಲಿ ತಗಡಿನ ಕೆಳಗಾದರೂ ಗಾಡಿ ಇರಲಿ. ಎಷ್ಟು ಹೊತ್ತಿಗೆ ಓಡಿಸಬಹುದು ಎಂಬುದು ಟ್ಯೂಬಿನ ಮೇಲೇ ಇರುತ್ತದೆ. ನಾನಂತೂ ಸಾಧ್ಯವಾದರೆ ರಾತ್ರಿ ಅಲ್ಲೇ ಬಿಡಿಸುತ್ತೇನೆ. ಮೊದಲ ದಿನ ಕಿಟಕಿ ಒಂದಿಂಚು ಇಳಿಸಿಡಿ, ಇಲ್ಲದಿದ್ದರೆ ಬಾಗಿಲು ದಢಾರನೆ ಹಾಕಿದಾಗ ಒಳಗಿನ ಗಾಳಿ ಹಸಿ ಅಂಟನ್ನು ತಳ್ಳುತ್ತದೆ. ಎರಡು ದಿನ ಪ್ರೆಷರ್ ವಾಶ್ ಬೇಡ. ಹಳೆಯ ವೈಪರ್ ಬ್ಲೇಡಿನಲ್ಲಿ ಗಾಜಿನ ಚೂರು ಕೂತಿರುತ್ತದೆ, ಅಂದೇ ಬದಲಿಸಿ. ಲೇನ್ ಕ್ಯಾಮೆರಾ ಇರುವ ಗಾಡಿಗೆ ಕ್ಯಾಲಿಬ್ರೇಷನ್ (ಕ್ಯಾಮೆರಾದ ನೋಟ ಮತ್ತೆ ಸರಿಹೊಂದಿಸುವ ಕೆಲಸ) ಮಾಡಿಸಿ, ಆ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಬರೆಸಿ. ಆಮೇಲೆ ಸೇರಿಸಿದರೆ ಮತ್ತೆ ಮಂಜೂರಿಗೆ ಕಾಯಬೇಕು.

ಗಾಜಿನ ಜೊತೆ ಹೋಗುವ ಎರಡು ಚೀಟಿಗಳನ್ನು ಎಲ್ಲರೂ ಮರೆಯುತ್ತಾರೆ. ಒಂದು, ಒಳಗಡೆ ಅಂಟಿಸಿದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಸ್ಟಿಕ್ಕರ್: ಪೆಟ್ರೋಲ್, ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ. ಹೊಸದನ್ನು ಗಾಡಿ ನೋಂದಣಿಯಾದ ರಾಜ್ಯದ ವ್ಯವಸ್ಥೆಯಲ್ಲೇ ತರಿಸಬೇಕು. ಇನ್ನೊಂದು ಫಾಸ್ಟ್ಯಾಗ್. ಕಿತ್ತರೆ ಒಳಗಿನ ಆಂಟೆನಾ ಹರಿಯುತ್ತದೆ, ಮತ್ತೆ ಅಂಟಿಸಿ ಫಲವಿಲ್ಲ. ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗನ್ನು ಕಪ್ಪುಪಟ್ಟಿಗೆ ಹಾಕುವುದಾಗಿ ಹೆದ್ದಾರಿ ಪ್ರಾಧಿಕಾರ 2025ರಲ್ಲೇ ಹೇಳಿದೆ. ಹಾಗಾಗಿ ಗಾಜು ಬಿಚ್ಚುವ ಮೊದಲೇ ಬ್ಯಾಂಕಿಗೆ ಬದಲಿ ಟ್ಯಾಗ್ ಕೇಳಿಡಿ. ಇಲ್ಲದಿದ್ದರೆ ಹೊಸ ಗಾಜು ಹಾಕಿಕೊಂಡು ಊರಿಗೆ ಹೊರಟವರು ಖೇಡ್ ಶಿವಾಪುರದಿಂದ ಕೊಗನೊಳ್ಳಿವರೆಗೆ ಪ್ರತಿ ಟೋಲಿನಲ್ಲೂ ಹೆಚ್ಚು ದುಡ್ಡು ಕಟ್ಟುತ್ತಾ ಹೋಗಬೇಕಾಗುತ್ತದೆ.