ಹೋಳಿ ಹುಣ್ಣಿಮೆಯಿಂದ ಯುಗಾದಿವರೆಗೆ: ನನ್ನ ಅನುಭವ

ನಮ್ಮದು ಧಾರವಾಡ ಕಡೆ, ಈಗ ಇರೋದು ಬೆಂಗಳೂರಲ್ಲಿ. ಊರಲ್ಲಿದ್ದಾಗ ಹೋಳಿ ಹುಣ್ಣಿಮಿಗೆ ಹಲಗಿ ಸಪ್ಪಳ ಕೇಳ್ತಿತ್ತು, ಕಾಮಣ್ಣನ್ನ ಸುಟ್ಟ ಮೇಲೆ ಚಳಿ ಹೋಯ್ತು ಅಂತ ಅವ್ವ ಕೌದಿಗಳನ್ನೆಲ್ಲ ಒಗೆದು ಒಣಗಿಸಿ ಕಟ್ಟಿಡ್ತಿದ್ಲು. ಇಲ್ಲಿ ಬಂದ್ಮೇಲೆ ಕಾಲ ಬದಲಾಗಿದ್ದು ನಂಗೆ ಗೊತ್ತಾಗೋದೇ ಮೈ ಭಾರ ಆದಾಗ, ಮಾರ್ಚ್ ಬಂತಂದ್ರೆ ಗಂಟಲಲ್ಲಿ ಕಫ, ಮಧ್ಯಾಹ್ನ ಕಣ್ಣು ಎಳೆಯೋದು, ರಾತ್ರಿ ಸೆಕೆಗೆ ನಿದ್ದೆ ಇಲ್ಲ.

2024ರಲ್ಲಿ ಇದಕ್ಕೆ ಅಂತ ಐದು ದಿನ ಬರೀ ಜ್ಯೂಸ್ ಕುಡಿಯೋಕೆ ಹೊರಟೆ. ಮೂರನೇ ದಿನ ಆಫೀಸ್ ಮೆಟ್ಟಿಲಲ್ಲಿ ತಲೆ ಸುತ್ತಿ ಕೂತುಬಿಟ್ಟೆ. ಆಮೇಲೆ ಪರಿಚಯದ ಆಯುರ್ವೇದ ಡಾಕ್ಟರ್ ಒಬ್ರು ಋತುಸಂಧಿ ಬಗ್ಗೆ ಹೇಳಿದ್ರು, ಒಂದು ಋತುವಿನ ಕೊನೇ 7 ದಿನ, ಮುಂದಿನದರ ಮೊದಲ 7 ದಿನ, ಇದ್ರಲ್ಲಿ ಹಳೇ ಅಭ್ಯಾಸ ಸ್ವಲ್ಪ ಸ್ವಲ್ಪ ಬಿಡ್ತಾ ಹೊಸದು ಹಿಡೀಬೇಕು, ಒಮ್ಮೆಲೇ ಬಿಟ್ರೆ ಮೈ ಕೆಡುತ್ತೆ ಅಂತ. ನಂಗೆ ಈ ಮಾತು ಬಹಳ ಹಿಡಿಸ್ತು. ಫಾಲ್ಗುಣ ಮುಗಿದು ಚೈತ್ರ ಹುಟ್ಟೋ ಹೊತ್ತು ಅದು, ನಾನು ಇನ್ನೊಂದು ವಾರ ಮುಂಚೆ, ಹುಣ್ಣಿಮಿಯಿಂದಾನೇ ಶುರು ಮಾಡ್ತೀನಿ.

2026ರಲ್ಲಿ ಹುಣ್ಣಿಮಿ ಮಾರ್ಚ್ 3ಕ್ಕೆ, ಅವತ್ತೇ ಚಂದ್ರಗ್ರಹಣ. "ಗ್ರಹಣ ಬಿಡೂತನಕ ಏನೂ ತಿನಬ್ಯಾಡವಾ" ಅಂತ ಅವ್ವ ಫೋನ್ ಮಾಡಿದ್ಲು. ಟೆರೇಸಿಗೆ ಹೋಗಿ ನಿಂತೆ, ಪೂರ್ವದ ಕಡೆ ಧೂಳಿನ ಮಬ್ಬಲ್ಲಿ ಒಂದು ಅಂಚು ಕಮ್ಮಿ ಇರೋ ಮಾಸಿದ ಚಂದ್ರ ಎದ್ದ, ನೋಡ್ತಾ ನೋಡ್ತಾ ಆರೂಮುಕ್ಕಾಲು ದಾಟೋ ಹೊತ್ತಿಗೆ ತುಂಬ್ಕೊಂಡ. ಅಷ್ಟೂ ಹೊತ್ತು ಫೋನ್ ಮುಟ್ಟಲಿಲ್ಲ. ಎಷ್ಟು ದಿನ ಆಗಿತ್ತೋ ಹಾಗೆ ಸುಮ್ನೆ ನಿಂತು.

ಹುಣ್ಣಿಮಿ ಮುಂಚೆ ನಂಗೆ ನಿದ್ದೆ ಲೇಟು. 2021ರಲ್ಲಿ ಅಮೆರಿಕದ ವಿಜ್ಞಾನಿಗಳು ಅರ್ಜೆಂಟೀನಾದ ಹಳ್ಳಿಗಳಲ್ಲೂ ಸಿಯಾಟಲ್ ಸ್ಟೂಡೆಂಟ್ಸ್ ಮೇಲೂ ನೋಡಿ, ಹುಣ್ಣಿಮೆಗೆ ಮುಂಚಿನ ರಾತ್ರಿಗಳಲ್ಲಿ ಜನ ತಡವಾಗಿ ಮಲಗ್ತಾರೆ, ಕಮ್ಮಿ ಮಲಗ್ತಾರೆ ಅಂತ ಬರೆದಿದ್ದಾರೆ. ಅದನ್ನ ಓದಿದ್ಮೇಲೆ ಆ ನಾಲ್ಕೈದು ದಿನ ನಿದ್ದೆ ಬರ್ಲಿಲ್ಲ ಅಂತ ಒದ್ದಾಡೋದು ಬಿಟ್ಟೆ, ಒಂಬತ್ತೂವರೆಗೆ ದೊಡ್ಡ ಲೈಟ್ ಆರಿಸಿ ಸುಮ್ನೆ ಮಲ್ಕೋತೀನಿ, ಬಂದಾಗ ಬರ್ಲಿ.

ಊಟದಲ್ಲಿ ಮಾಡಿದ್ದು ಒಂದೇ, ರಾತ್ರಿ ಅನ್ನ ಸಾರಿನ ಬದ್ಲು ಜೋಳದ ನುಚ್ಚು. ಒಂದು ಲೋಟ ನುಚ್ಚಿಗೆ ನಾಲ್ಕು ಲೋಟ ನೀರು, ಉಪ್ಪು. ನೀರು ಕುದಿಯುವಾಗ ನುಚ್ಚು ಸುರೀತಾ ತಿರುವ್ಬೇಕು, ಇಲ್ಲಾಂದ್ರೆ ಗಂಟು ಆಗುತ್ತೆ, ಆಮೇಲೆ ಸಣ್ಣ ಉರಿ. ಮೊದ್ಲು ನೀರು ನೀರಾಗಿರುತ್ತೆ, ಗಟ್ಟಿ ಆಗ್ತಾ ಬಂದಾಗ ಬುಳುಕ್ ಬುಳುಕ್ ಅಂತ ಒಲೆ ಮೇಲೆ ಸಿಡಿಯುತ್ತೆ, ಆಗ ಮುಚ್ಚಳ ಓರೆ ಮಾಡಿಡಬೇಕು. ಕಾಳು ಬೆರಳಲ್ಲಿ ಒತ್ತಿದ್ರೆ ನುರೀಬೇಕು, ನಂಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿಯುತ್ತೆ. ಪೂರ್ತಿ ಆರಿದ್ಮೇಲೆ ಮಜ್ಜಿಗೆ ಹಾಕಿ ಕಲಸಿ ಹಸಿ ಉಳ್ಳಾಗಡ್ಡಿ ಕಚ್ಕೊಂಡು ತಿಂದ್ರೆ ಹೊಟ್ಟೆ ತಂಪು. ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳೋರು ಮಾತ್ರ ಊಟ ಬದಲಿಸೋ ಮುಂಚೆ ಡಾಕ್ಟರನ್ನ ಕೇಳಿ.

ಮಧ್ಯಾಹ್ನದ ನಿದ್ದೆ ಬಿಡೋದೇ ಕಷ್ಟ ಆಯ್ತು. ವಸಂತದಲ್ಲಿ ಹಗಲು ಮಲಗಿದ್ರೆ ಕಫ ಹೆಚ್ಚುತ್ತೆ ಅಂತಾರೆ, ರಜಾ ದಿನ ಊಟ ಆದ್ಮೇಲೆ ಚಪ್ಪಲಿ ಹಾಕ್ಕೊಂಡು ನಮ್ ರೋಡಿನ ಹೊಂಗೆ ಮರಗಳ ಕೆಳಗೆ ಹತ್ತು ನಿಮಿಷ ನಡೆದು ಬರ್ತಿದ್ದೆ. ಎಲೆ ಉದುರಿ ಬೋಳಾಗಿದ್ದ ಮರ ವಾರದೊಳಗೆ ಎಳೇ ಹಸಿರು, ಬಿಸಿಲು ಬಿದ್ರೆ ಎಣ್ಣೆ ಹಚ್ಚಿದ ಹಾಗೆ ಮಿಂಚ್ತಿತ್ತು. ಅದನ್ನ ನೋಡೋಕೇ ಹೋಗ್ತಿದ್ದೆ ಕೊನೆಗೆ.

ಮಾರ್ಚ್ 19ಕ್ಕೆ ಯುಗಾದಿ. ಆ ವರ್ಷ ಮೊದಲ ಸಲ ಬೇವಿನ ಹೂವನ್ನ ಅಂಗಡೀಲಿ ತಗೊಳ್ಲಿಲ್ಲ, ನಡೆಯೋ ದಾರೀಲಿ ಯಾವ ಮರ ಹೂ ಬಿಟ್ಟಿದೆ ಅಂತ ಗೊತ್ತಿತ್ತಲ್ಲ, ಬೆಳಿಗ್ಗೆ ಎದ್ದು ಒಂದು ಗೊಂಚಲು ಕಿತ್ಕೊಂಡು ಬಂದೆ.