ದನಿ ಕುಗ್ಗಿದ ಹಾರ್ಮೋನಿಯಂಗೆ ಮತ್ತೆ ಕಸುವು ತುಂಬುವ ಬಗೆ

ಕಾರವಾರದ ಉಪ್ಪುಗಾಳಿಯಲ್ಲೋ ಶಿರಸಿ ಸೀಮೆಯ ದೀರ್ಘ ಮಳೆಗಾಲದಲ್ಲೋ ಹತ್ತಾರು ವರ್ಷ ಕಳೆದ ಹಾರ್ಮೋನಿಯಂನ ದನಿ ಕುಗ್ಗಿದಾಗ ಹೆಚ್ಚಿನವರು ಮೊದಲು ಸಂಶಯಪಡುವುದು ರೀಡುಗಳ ಮೇಲೆ, ಅಂದರೆ ಗಾಳಿಗೆ ನಡುಗಿ ಸ್ವರ ಹೊರಡಿಸುವ ಲೋಹದ ನಾಲಿಗೆಗಳ ಮೇಲೆ. ಆದರೆ ಎಷ್ಟೋ ಪೆಟ್ಟಿಗೆಗಳಲ್ಲಿ ರೀಡು ಸರಿಯಾಗಿಯೇ ಇದ್ದು, ಅದಕ್ಕೆ ತಲುಪಬೇಕಾದ ಗಾಳಿ ನಡುದಾರಿಯಲ್ಲೇ ಸೋರಿಹೋಗುತ್ತಿರುತ್ತದೆ. ಆದ್ದರಿಂದ ಸೋರಿಕೆ ನಿಲ್ಲಿಸದೆ ರೀಡಿಗೆ ಕೈಹಚ್ಚಬಾರದು. ಮಳೆ ನಿಂತು ಮರದ ಪಸೆ ಆರಿದ ಮೇಲೆ, ಅಂದರೆ ದೀಪಾವಳಿಯ ನಂತರ, ಈ ಕೆಲಸ ಹಿಡಿಯುವುದು ಒಳ್ಳೆಯದು. ಬೇಗ ಒಣಗಲೆಂದು ಬಿಸಿಲಿಗಿಟ್ಟರೆ ಹಲಗೆ ಸೀಳುತ್ತದೆ.

ಮೊದಲು ರೀಡುಗಳತ್ತ ಗಾಳಿ ಬಿಡುವ, ತಡೆಯುವ ಗುಬುಟುಗಳಾದ ಸ್ಟಾಪರ್‌ಗಳನ್ನೆಲ್ಲ ಮುಚ್ಚಿ, ಯಾವ ಕೀಯನ್ನೂ ಒತ್ತದೆ ತಿದಿ ಹಾಕಿ ಗಾಳಿ ತುಂಬಿಸಿ. ತುಂಬಿದ ಗಾಳಿ ತಾನಾಗಿಯೇ ಬೇಗ ಇಳಿದರೆ ದೋಷ ತಿದಿಯಲ್ಲೋ ಅದರ ಕವಾಟದಲ್ಲೋ ಇದೆ. ಹಾಗೆ ಇಳಿಯದೆ, ಸ್ಟಾಪರ್ ಎಳೆದ ಕೂಡಲೇ ಇಳಿದರೆ ಕೀಗಳ ಅಡಿಯ ಚರ್ಮ ಅಥವಾ ರೀಡು ಹಲಗೆಯ ಅಂಚನ್ನು ನೋಡಬೇಕು. ತಿದಿಯ ಮಡಿಕೆಗಳ ಉದ್ದಕ್ಕೂ ಊದುಬತ್ತಿಯ ಹೊಗೆ ಹಾಯಿಸಿದರೆ, ಸೋರುವಲ್ಲಿ ನೇರ ಏಳುತ್ತಿದ್ದ ಹೊಗೆ ತಟ್ಟನೆ ಅಲುಗುತ್ತದೆ. ಕೆಂಡ ಬಟ್ಟೆಗೆ ತಾಗದಂತೆ ಎಚ್ಚರವಿರಲಿ. ಸಾಮಾನ್ಯವಾಗಿ ಸವೆಯುವುದು ಮಡಿಕೆಯ ಮೂಲೆ. ಅಲ್ಲಿ ಹಳೆಯ ಅಂಟನ್ನು ಕೆರೆದು ತೆಗೆದು, ತೆಳುವಾದ ಮೆತ್ತನೆಯ ಚರ್ಮದ ತುಂಡನ್ನು ತಿದಿ ಅರ್ಧ ತೆರೆದಿರುವಾಗಲೇ ಅಂಟಿಸಿ ಒಂದು ದಿನ ಒಣಗಲು ಬಿಡಬೇಕು. ಸೆಲೋಟೇಪ್ ಸುತ್ತುವುದು ಬೇಡ. ಮಡಿಕೆ ಬಿರುಸಾಗಿ ಪಕ್ಕದಲ್ಲೇ ಹರಿಯುತ್ತದೆ.

ಇಷ್ಟಾದ ಮೇಲೂ ಒಂದೆರಡು ಸ್ವರ ಮಂಕಾಗಿ ಉಳಿದರೆ ಮಾತ್ರ ರೀಡು ಹಲಗೆ ಬಿಚ್ಚಿ. ಹಿತ್ತಾಳೆಯ ನಾಲಿಗೆಯ ಮೇಲೆ ಹಸಿರು ಕಿಲುಬು ಕಂಡೊಡನೆ ನಮ್ಮ ಕಡೆಯವರ ಕೈ ಹುಣಸೆಹಣ್ಣಿನತ್ತ ಹೋಗುತ್ತದೆ, ಆದರೆ ಇಲ್ಲಿ ಅದು ಖಂಡಿತ ಕೂಡದು. ಹುಳಿ ಲೋಹವನ್ನೂ ತಿನ್ನುತ್ತದೆ, ಸಂದಿಯಲ್ಲಿ ಉಳಿದು ಮತ್ತಷ್ಟು ಕಿಲುಬು ಹಿಡಿಸುತ್ತದೆ. ನಾಲಿಗೆಯ ಅಡಿಗೆ ತೆಳು ಕಾಗದ ತೂರಿಸಿ, ಒಣ ಮೃದು ಬ್ರಷ್‌ನಿಂದ ಬುಡದಿಂದ ತುದಿಯ ಕಡೆಗೆ ಮಾತ್ರ ಒರೆಸಿ. ನಾಲಿಗೆಯ ತುದಿ ಅದನ್ನು ಕೂರಿಸಿದ ಪಟ್ಟಿಯಿಂದ ಕೂದಲೆಳೆಯಷ್ಟು ಮೇಲಿರಬೇಕು: ಹೆಚ್ಚು ಎದ್ದಿದ್ದರೆ ಗಾಳಿ ಬಹಳ ಬೇಡಿ ತಡವಾಗಿ ನುಡಿಯುತ್ತದೆ, ತೀರ ತಗ್ಗಿದ್ದರೆ ಜೋರಾಗಿ ತಿದಿ ಹಾಕಿದಾಗ ದನಿ ಕಟ್ಟುತ್ತದೆ.

ಹಲಗೆಯನ್ನು ಮರಳಿ ಕೂರಿಸುವಾಗ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಶ್ರುತಿ ತಿದ್ದುವುದು ಕೊನೆಗೆ. ನಾಲಿಗೆಯ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತದೆ, ಬುಡದ ಬಳಿ ಕೆರೆದರೆ ಇಳಿಯುತ್ತದೆ. ಕೆರೆದ ಲೋಹ ಮತ್ತೆ ಬಾರದ ಕಾರಣ ಪ್ರತಿ ಸಲವೂ ಅದೇ ಸ್ವರದ ಜೊತೆ ರೀಡಿನೊಂದಿಗೆ ನುಡಿಸಿ, ಎರಡರ ನಡುವಿನ ಅಲೆಯಂಥ ನಡುಕ ನಿಲ್ಲುವವರೆಗೆ ಮಾತ್ರ ಮುಂದುವರಿಯಿರಿ.